ಮಾವನ ಗಾಳಿಕಿಂಡಿ

ನಮ್ಮ ಸೋದರಮಾವನಿಗೆ ಮನೆಯಲ್ಲಿರುವ ಮನುಷ್ಯರಿಗಿಂತ ಮನೆಯ ನೆಲದ ಮೇಲೆಯೇ ಪ್ರೀತಿ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ, ಬಳ್ಳಾರಿಯ ಸತ್ಯನಾರಾಯಣಪೇಟೆಗೇ ಬಂದು ನೋಡಿ. ಜೇಬಿನಲ್ಲಿ ಚಿಟಿಕೆ ಹತ್ತಿ ಇಟ್ಟುಕೊಂಡು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕಂಡರೆ, ಅವರೇ ನಮ್ಮ ಮಾವ!

ಅವರ ಹಳೆಯ ಮನೆಯ ಪಡಸಾಲೆಗೆ ಹಲಗೆ ನೆಲ. ಹಿಂದೆ ಯಾರೋ ವ್ಯಾಪಾರಿ, ಭತ್ತದ ಚೀಲಕ್ಕೆ ತೇವ ಹಿಡಿಯಬಾರದೆಂದು ಹಾಕಿಸಿದ್ದಂತೆ. ಹಲಗೆಯ ಕೆಳಗೆ ಟೊಳ್ಳು. ಬೀದಿ ಕಡೆಯ ಗೋಡೆಯ ಬುಡದಲ್ಲೂ ಹಿತ್ತಿಲ ಕಡೆಯ ಗೋಡೆಯ ಬುಡದಲ್ಲೂ ಗಾಳಿಕಿಂಡಿಗಳು. ಈ ಕಡೆ ಹೊಕ್ಕ ಗಾಳಿ ಆ ಕಡೆ ಹೊರಟರೆ ಹಲಗೆ ಒಣಗಿರುತ್ತದೆ. ಇಲ್ಲದಿದ್ದರೆ ಮುಗ್ಗಲು ವಾಸನೆ, ಬೂಷ್ಟು, ಆಮೇಲೆ ಗೆದ್ದಲು. ಇದೆಲ್ಲ ನನಗೇನು ಗೊತ್ತು? ಮಾವ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ಹಾಲಿನವನಿಗೂ ಬಾಯಿಪಾಠವಾಗಿದೆ.

ತೊಂದರೆ ಶುರುವಾದದ್ದು ಹಿತ್ತಿಲಲ್ಲಿ ಹೊಸ ಕೋಣೆ ಕಟ್ಟಲು ಹೊರಟಾಗ. ಅತ್ತೆಗೆ ಉಬ್ಬಸ. ಮಹಡಿಯ ಕೋಣೆಗೆ ಹತ್ತುವಷ್ಟರಲ್ಲಿ ಅರ್ಧ ಜೀವವಾಗುತ್ತಿದ್ದರು. ಕೆಳಗೇ, ಪಡಸಾಲೆಗೆ ಹೊಂದಿಕೊಂಡು ಅವರಿಗೊಂದು ಕೋಣೆ ಎಂದು ತೀರ್ಮಾನವಾಯಿತು. ಆದರೆ ಅದನ್ನು ಕಟ್ಟಿದರೆ ಹಿತ್ತಿಲ ಕಡೆಯ ಕಿಂಡಿಗಳೆಲ್ಲ ಅದರ ನೆಲದಡಿ ಹೂತುಹೋಗುತ್ತವಲ್ಲ!

"ಮುಚ್ಚಿಬಿಡೂಣ ತಗೋರಿ ಸಾರ್, ಯಾವ ಕಾಲದ್ವೋ ಏನೋ" ಎಂದ ಮೇಸ್ತ್ರಿ.

"ನಿನ್ನ ಮೂಗು ಯಾವ ಕಾಲದ್ದಪಾ? ಅದನ್ನೂ ಮುಚ್ಚೂಣೇನು?" ಎಂದರು ಮಾವ.

ಮೇಸ್ತ್ರಿ ಶರಣಾದ. ಪ್ರತಿ ಕಿಂಡಿಗೂ ಪೈಪು ಜೋಡಿಸಿ, ಹೊಸ ಕೋಣೆಯ ನೆಲದಡಿ ಹಾಯಿಸಿ, ಹೊಸ ಗೋಡೆಯ ಬುಡದಿಂದ ಹೊರತೆಗೆದು, ಇಲಿ ನುಗ್ಗದಂತೆ ಜಾಳಿ ಹಾಕಿದ್ದಾಯಿತು. ಮಣ್ಣು ತುಂಬುವ ದಿನ ಮಾವ ಪೈಪಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು "ಸಾವಕಾಶ, ಸಾವಕಾಶ" ಎನ್ನುತ್ತಿದ್ದರು. ಒಳಗೆ ಯಾರೋ ಬಾಣಂತಿ ಇರಬೇಕೆಂದು ಪಕ್ಕದ ಮನೆಯವರು ತಿಳಿದರಂತೆ!

ಇನ್ನು ಹತ್ತಿಯ ವಿಷಯ. ಕಿಂಡಿಯ ಮುಂದೆ ಒಂದು ಎಳೆ ಹಿಡಿಯುವುದು. ಅಲುಗಿದರೆ ಗಾಳಿ ಆಡುತ್ತಿದೆ ಎಂದರ್ಥ. ಈ ಚಟ ಊರನ್ನೂ ದಾಟಿತು. ಮಗಳನ್ನು ಕೊಟ್ಟ ಸಿರುಗುಪ್ಪದ ಬೀಗರು ಊಟಕ್ಕೆ ಕರೆದರೆ, ಮಾವ ಎಲೆಯ ಮುಂದೆ ಕೂರುವ ಮೊದಲು ಅವರ ಮನೆಯ ಸುತ್ತ ಹತ್ತಿ ಹಿಡಿದುಕೊಂಡು ತಿರುಗಿದರು.

"ನಿಮ್ಮ ಮನಿಗೆ ಉಸಿರ ಇಲ್ಲಲ್ರೀ!"

"ನಮ್ದು ಕಲ್ಲುಬಂಡಿ ನೆಲ ಐತ್ರೀ, ಕೆಳಗ ಬರೀ ಮಣ್ಣು" ಎಂದರು ಬೀಗರು ಕಂಗಾಲಾಗಿ. "ಮೊದ್ಲು ಉಣ್ಣಾಕ ಬರ್ರಿ, ಸಾರು ಆರಾಕತ್ತೈತಿ."

ಗೃಹಪ್ರವೇಶದ ಹಿಂದಿನ ದಿನ ಮಾವ ಹತ್ತಿ ಹಿಡಿದು ಹೊಸ ಗೋಡೆಯ ಹಿಂದೆ ಹೋದರೆ ಕಿಂಡಿಗಳೇ ಇಲ್ಲ! ಗೋಡೆ ಕನ್ನಡಿಯಂತೆ ನುಣ್ಣಗಿದೆ.

"ಚಂದ ಕಾಣವಲ್ವು ಅಂತ ಪ್ಲಾಸ್ಟರ್ ಹೊಡದ್ವಿ ಸಾರ್" ಎಂದ ಮೇಸ್ತ್ರಿ ಹೆಮ್ಮೆಯಿಂದ.

ಮಾವ ಉಳಿ, ಸುತ್ತಿಗೆ ತಂದು ತಾವೇ ಒಡೆಯತೊಡಗಿದರು. ಅತ್ತೆ ಏದುಸಿರು ಬಿಡುತ್ತ ಬಂದರು. "ನಾಳಿ ಪೂಜಿ ಇಟ್ಕೊಂಡು ಇವತ್ತ ಗ್ವಾಡಿ ಒಡಿತೀರೇನ್ರೀ? ಮಂದಿ ಏನಂದಾರು?"

"ಮಂದಿ ಅಂದ್ಕೊಳ್ಳಿ. ಹಲಗಿ ಕೊಳೀತಾವು!"

ನೋಡಿದಿರಾ? ಹೆಂಡತಿಯ ಏದುಸಿರು ಕಿವಿಗೆ ಬೀಳಲಿಲ್ಲ, ಹಲಗೆಯ ಚಿಂತೆ! ಮರುದಿನ ಹೊಸ ಬಣ್ಣದ ಗೋಡೆಯಲ್ಲಿ ಬಾಯಿ ತೆರೆದ ತೂತುಗಳು. ಪುರೋಹಿತರು ಯಾವುದಕ್ಕೂ ಇರಲಿ ಎಂದು ಅವಕ್ಕೂ ಕುಂಕುಮ ಹಚ್ಚಿದರು.

ಮೊನ್ನೆ ಮಧ್ಯಾಹ್ನ ಹೋಗಿದ್ದೆ. ಹೊಸ ಕೋಣೆಯಲ್ಲಿ ಅತ್ತೆ ಮಲಗಿದ್ದರು. ಮಾವ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ನಾನು ಬಾಗಿಲಲ್ಲಿದ್ದದ್ದು ಅವರಿಗೆ ತಿಳಿಯಲಿಲ್ಲ. ಜೇಬಿನಿಂದ ಹತ್ತಿ ತೆಗೆದರು. ಇಲ್ಲೆಲ್ಲಿದೆ ಕಿಂಡಿ ಎಂದು ನಗು ಬಂತು. ಒಂದು ಎಳೆ ಬಿಡಿಸಿ, ಅತ್ತೆಯ ಮೂಗಿನ ಹತ್ತಿರ ಹಿಡಿದರು. ಕೈಯಿಂದ ಎಳೆ ಅಲುಗಬಾರದೆಂದು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡರು.

ಅತ್ತೆ ಕಣ್ಣು ತೆರೆಯದೆಯೇ ಹೇಳಿದರು: "ಅದೀನ್ರೀ, ಇನ್ನಾ ಅದೀನಿ. ಹೋಗಿ ನಿಮ್ಮ ಹಲಗಿ ನೋಡ್ಕೋರಿ."

"ಸುಮ್ನ ಮಲಗು" ಎಂದರು ಮಾವ, ಎಳೆಯ ಮೇಲಿನ ಕಣ್ಣು ಕೀಳದೆ. "ಚಲೋ ಆಡಾಕತ್ತೈತಿ."