ಅಳತೆ ಪುಸ್ತಕದ ಸಾಕ್ಷಿ

ಜಯಪುರದ ಅಂಚೆ ಕಚೇರಿಗೆ ಹೊಸ ಪೋಸ್ಟ್‌ಮಾಸ್ಟರ್ ಬಂದದ್ದೇ ಅಮೀರುನ್ನೀಸಾಳ ಗ್ರಹಚಾರವಾಯಿತು. ಷರ್ಟಿಗೆ ಗುಂಡಿ ಹಾಕಿಸಲು ಬಂದ ಆ ವೃಷಭೇಂದ್ರಪ್ಪನವರು, ಅವಳ ಗಂಡ ಸತ್ತಾರ್ ಟೈಲರ್‌ನ ಪ್ರೇಮಕತೆಯನ್ನು ಇನ್ನೂ ಕೇಳದ ಊರಿನ ಏಕೈಕ ಮನುಷ್ಯ.

ಮರುದಿನ ಶಾಲೆ ಶುರು. ಹನ್ನೆರಡು ಯೂನಿಫಾರ್ಮ್ ಇನ್ನೂ ಕತ್ತರಿಯನ್ನೇ ಕಂಡಿರಲಿಲ್ಲ. ಬೆಳಿಗ್ಗೆಯೊಳಗೆ ತಲುಪದಿದ್ದರೆ ಶಾಲೆಯ ಕೆಲಸ ಕೊಪ್ಪದ ಟೈಲರ್ ಪಾಲು ಎಂದು ಹೆಡ್‌ಮಾಸ್ಟರು ಹೇಳಿ ಹೋಗಿದ್ದರು.

ಸತ್ತಾರ್ ಮಾತ್ರ ಟೇಪು ಕೊರಳಿಗೆ ಹಾಕಿಕೊಂಡು ಕತೆ ಹಿಡಿದ. ಜಹೀದಾ ಎಂಬ ಹುಡುಗಿ, ಅವಳ ಒಂಬತ್ತು ಪತ್ರಗಳು, ಅವಳನ್ನು ನರಸಿಂಹರಾಜಪುರಕ್ಕೆ ಕೊಟ್ಟು ಕೈತೊಳೆದುಕೊಂಡ ಅವಳ ಅಪ್ಪ. ಗುಂಡಿ ಡಬ್ಬಿಯಿಂದ ಕೊನೆಯ ಪತ್ರ ತೆಗೆದು ಓದುವಾಗ ಎಂದಿನ ಜಾಗದಲ್ಲೇ ನಿಲ್ಲಿಸಿ ಟೇಪಿನ ತುದಿಯಿಂದ ಮೂಗೊರೆಸಿಕೊಂಡ. ಪಕ್ಕದಂಗಡಿಯ ರಾಧಮ್ಮ ಎಂದಿನ ಜಾಗದಲ್ಲೇ ಸೆರಗು ಕಣ್ಣಿಗೊತ್ತಿಕೊಂಡಳು.

ಮೂಲೆಯಲ್ಲಿ ಕಾಜ ಹೊಲಿಯುತ್ತಿದ್ದ ಅಮೀರುನ್ನೀಸಾಗೆ ಇದನ್ನು ಹದಿನಾರು ವರ್ಷ ಕೇಳಿ ಸಾಕಾಗಿತ್ತು. ಕತೆ ಸತ್ತರೆ ಗಂಡ ಮೆಷಿನ್ನಿಗೆ ಕೂತಾನು ಎನಿಸಿತು.

"ಆ ಪತ್ರ ಬರೆದಿದ್ದು ನಾನು," ಎಂದಳು.

"ಎಂತ ಹೇಳ್ತಿದ್ದೀಯೆ?" ರಾಧಮ್ಮನ ಸೆರಗು ಕೆಳಗಿಳಿಯಿತು.

"ಜಹೀದಾಗೆ ಬರಿಯಕ್ಕೆ ಬರ್ತಿರಲಿಲ್ಲ. ಪಕ್ಕದ ಮನೆಯೋಳು ಅಂತ ನನ್ನ ಹತ್ರ ಬರೆಸ್ತಿದ್ಲು. ಎಂತ ಬರೀಬೇಕು ಅಂತಾನೂ ಹೇಳ್ತಿರಲಿಲ್ಲ. ನನ್ನ ಮನಸ್ಸಲ್ಲಿ ಇದ್ದಿದ್ದನ್ನೇ ಬರೆದೆ. ಅವಳಿಗೀಗ ಐದು ಮಕ್ಕಳು, ಆರಾಮಾಗಿದಾಳೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಸತ್ತಾರ್ ಪತ್ರ ಕೆಳಗಿಟ್ಟ.

"ನನ್ನ ಕೇಳಿದ್ದು ಯಾರು?"

"ಅಕ್ಷರ ನೋಡಿದ್ರಾಯ್ತಲ್ಲ ಮಾರಾಯ್ರೆ," ಎಂದು ಪೋಸ್ಟ್‌ಮಾಸ್ಟರು ಅವಳು ಮುಂದೆ ಚಾಚಿದ ಅಳತೆ ಪುಸ್ತಕವನ್ನು ಪತ್ರದ ಪಕ್ಕಕ್ಕಿಟ್ಟರು. ಗಂಡ ಟೇಪು ಹಿಡಿದು ಕೂಗಿದ್ದನ್ನೆಲ್ಲ ಅದರಲ್ಲಿ ಬರೆದುಕೊಳ್ಳುವವಳು ಅವಳೇ. ಪತ್ರದಲ್ಲಿ ವಿರಹಕ್ಕೆ ಬೆಂದ ಎದೆ, ಪುಸ್ತಕದಲ್ಲಿ ಇಪ್ಪತ್ತಾರು ಇಂಚಿನ ಎದೆ, ಎರಡೂ ಒಂದೇ ಕೈಯವು.

ಸತ್ತಾರ್ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದ. ಅವಳಿಗೆ ಈ ವಯಸ್ಸಿನಲ್ಲೂ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇನ್ನು ಬಟ್ಟೆ ಕತ್ತರಿಸುತ್ತಾನಲ್ಲ ಎಂದು ಸಮಾಧಾನವಾಯಿತು.

ಅವನು ಪತ್ರವನ್ನೂ ಪುಸ್ತಕವನ್ನೂ ಎದೆಗೊತ್ತಿಕೊಂಡು ಎದುರಿನ ಹೋಟೆಲಿಗೆ ನಡೆದ.

"ಹುಡುಕ್ತಿದ್ದೋಳು ಕಣ್ಣೆದುರೇ ಇದ್ಲು ಕೃಷ್ಣಪ್ಪ. ಹದಿನಾರು ವರ್ಷ ಗುರ್ತೇ ಹಿಡೀಲಿಲ್ಲ. ನನ್ನಂಥ ನತದೃಷ್ಟ ಯಾರಿದಾರೆ ಹೇಳು?"

ಹಳೇ ಕತೆ ಕೇಳಿ ಬೇಸತ್ತಿದ್ದವರೆಲ್ಲ ಬೆಂಚು ಹತ್ತಿರ ಎಳೆದುಕೊಂಡರು. ಹೋಟೆಲಿನ ಕೃಷ್ಣಪ್ಪ ಎರಡನೇ ಸಲ ಚಾ ಸೋಸಿದ.

ಅಮೀರುನ್ನೀಸಾ ಸಂಜೆಯವರೆಗೆ ಕಾದಳು. ಕಡೆಗೆ ತಾನೇ ಕತ್ತರಿ ಹಿಡಿದು, ಅಳತೆ ಪುಸ್ತಕ ಕೊಡಿ ಎಂದು ರಾಧಮ್ಮನ ಕೈಲಿ ಹೇಳಿಕಳಿಸಿದಳು.

ರಾಧಮ್ಮ ಕಣ್ಣೊರೆಸಿಕೊಳ್ಳುತ್ತ ಬರಿಗೈಯಲ್ಲಿ ಬಂದಳು. "ಕೊಡಲ್ಲ ಅಂತಾನೆ ಮಾರಾಯ್ತಿ. ಶೃಂಗೇರಿ ಬಸ್ಸಿನೋರು ಇನ್ನೂ ನೋಡಿಲ್ವಂತೆ."