ಭಾಜಿವಾಲನಿಗೆ ತಿಳಿಯದ ಕನ್ನಡ

ಕೆಲವು ಪದಗಳನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಹೆದರಿಕೆ. ಸಂಶೋಧನೆ ಎನ್ನುವುದು ಅವುಗಳಲ್ಲಿ ಒಂದು. ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ಕೊಳವೆ, ಪಂಜರದೊಳಗೊಂದು ಇಲಿ ಎಂದೇ ನಾನು ತಿಳಿದಿದ್ದೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ಕಸೂತಿ, ಬೆನ್ನು ನೆಟ್ಟಗೆ ಮಾಡಿ ಕೂರುವುದು, ಮತ್ತು ಕಪ್ಪನ್ನು ಸಾಸರಿನ ಮೇಲೆ ಸದ್ದಾಗದಂತೆ ಇಡುವುದು. ಇಷ್ಟು ವಿದ್ಯೆಯೊಂದಿಗೆ ಮದುವೆಯಾಗಿ ಮುಂಬಯಿಯ ಮುಲುಂಡಿಗೆ ಬಂದವಳನ್ನು ಕನ್ನಡ ಸಂಘದವರು ಮಕ್ಕಳ ಭಾನುವಾರದ ಕನ್ನಡ ವರ್ಗಕ್ಕೆ ಟೀಚರ್ ಮಾಡಿದರೆಂದರೆ, ಬೇರೆ ಯಾರೂ ಒಪ್ಪಿರಲಿಲ್ಲವೆಂದೇ ಅರ್ಥ.

ವರ್ಗ ನಮ್ಮ ಬಿಲ್ಡಿಂಗಿನ ಕೆಳಗಿನ ಕೋಣೆಯಲ್ಲಿ. ಮಕ್ಕಳು ಬರುತ್ತಿದ್ದರು, ಚಪ್ಪಲಿ ಬಿಡುತ್ತಿದ್ದರು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಪುಸ್ತಕದ ಆನೆಯನ್ನು ತೋರಿಸಿ ಇದೇನು ಎಂದು ಕೇಳಿದರೆ ಆನೆಯನ್ನೂ ನನ್ನನ್ನೂ ಒಂದೇ ಕನಿಕರದಿಂದ ನೋಡುತ್ತಿದ್ದರು. ಒಂಬತ್ತು ವರ್ಷದ ನನ್ನ ಮಗಳು ಸುಮಾ ಕೂಡ ಅಷ್ಟೇ. ಪಾಠ ಮುಗಿದದ್ದೇ ಅಂಗಳದಲ್ಲಿ ಹಿಂದಿಯ ಜಲಪಾತ. ಸಂಘದ ಕಾರ್ಯದರ್ಶಿ ದೇಸಾಯಿಯವರು, ಧಾರವಾಡದ ಕಡೆಯವರು, ಫೋರ್ಟಿನ ಒಂದು ಬ್ಯಾಂಕಿನಲ್ಲಿ ಕೆಲಸ, ಒಂದು ಭಾನುವಾರ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ದೀಪಾವಳಿಯೊಳಗೆ ಹುಡುಗರು ನಾಲ್ಕು ಮಾತು ಕನ್ನಡ ಆಡದಿದ್ದರೆ ಕೋಣೆಯನ್ನು ಕೇರಂ ಆಡುವವರಿಗೆ ಬಿಟ್ಟುಕೊಡುವುದೆಂದು ಸಮಿತಿ ತೀರ್ಮಾನಿಸಿದೆಯಂತೆ. ಕೇರಂನವರು ಆಗಲೇ ಬೋರಿಕ್ ಪೌಡರಿನ ಡಬ್ಬಿ ತಂದು ಕಿಟಕಿಯಲ್ಲಿಟ್ಟಿದ್ದರು. ನನಗೋ ಆ ವರ್ಗ ಬೇಕಿತ್ತು. ಒಗ್ಗರಣೆ, ಇಸ್ತ್ರಿ, ಹಾಲಿನವನು ಎಂದು ಯಾರೂ ನನ್ನನ್ನು ಕರೆಯದ ಗಂಟೆ ಇಡೀ ವಾರದಲ್ಲಿ ಅದೊಂದೇ.

ಪಾಪ, ದೇಸಾಯಿಯವರೇ ಒಂದು ದಾರಿಯನ್ನೂ ತೋರಿಸಿದರು. ವಿಲೆ ಪಾರ್ಲೆಯಲ್ಲಿ ಭಾಷಾ ಶಿಕ್ಷಕರ ಸಭೆಯಿದೆ, ಹೋಗಿ ಬನ್ನಿ ಎಂದರು. ದಾದರಿನಲ್ಲಿ ಗಾಡಿ ಬದಲಿಸಿ, ಸೀರೆಯ ನೆರಿಗೆ ಅರ್ಧ ಕಳೆದುಕೊಂಡು ಹೋದೆ. ಅಲ್ಲಿ ಬೆಳ್ಳಿ ಕೂದಲಿನ ಪ್ರೊಫೆಸರಮ್ಮ ಒಬ್ಬರು, ಪ್ರತಿಯೊಬ್ಬ ಶಿಕ್ಷಕಿಯೂ ತನ್ನ ವರ್ಗವನ್ನೇ ಸಂಶೋಧನೆ ಮಾಡಬೇಕು ಎಂದರು. ಒಂದು ಪ್ರಶ್ನೆ ಹಾಕಿಕೊಳ್ಳಿ, ಸುಮ್ಮನೆ ನೋಡಿ, ಪಾಠದಲ್ಲಿ ಏನಾದರೂ ಬದಲಿಸಿ, ಮತ್ತೆ ನೋಡಿ. ಮಕ್ಕಳು ಕಲಿಯುವುದಕ್ಕೆ ಮೊದಲು ನೀವು ಕಲಿಯುತ್ತೀರಿ ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ವಾಪಸ್ ಬರುವಾಗ ಲೋಕಲ್ಲಿನ ಹಿಡಿಕೆ ಹಿಡಿದುಕೊಂಡು ಯೋಚಿಸಿದೆ: ಇಲಿ ಯಾರು, ನಾನೋ ಮಕ್ಕಳೋ?

ಮಕ್ಕಳು ಯಾಕೆ ಮಾತಾಡುವುದಿಲ್ಲ ಎಂಬ ಪ್ರಶ್ನೆಯನ್ನೇನೋ ಹಾಕಿಕೊಂಡೆ. ಪುಸ್ತಕ ಬದಲಿಸಿ ನೋಡಿದೆ, ಚಾಪೆ ಬದಲಿಸಿ ನೋಡಿದೆ. ಏನೂ ತಿಳಿಯಲಿಲ್ಲ. ತಿಳಿದದ್ದು ವರ್ಗದಲ್ಲಲ್ಲ, ಸ್ಟೇಷನ್ನಿನ ಬಳಿ ತರಕಾರಿ ಮಾರುವ ಭಾಜಿವಾಲನ ಮುಂದೆ. ನಾನು ಬದನೆಕಾಯಿ ಆರಿಸುತ್ತಿದ್ದೆ. ಆನೆಯ ಮುಂದೆ ಮೂಕಿಯಾಗಿದ್ದ ನನ್ನ ಮಗಳು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ಅಮ್ಮಾ, ಇದರಲ್ಲಿ ಹುಳ ಇದೆ. ತಗೋಬೇಡ. ಬೇಡ ಅಂತ ಸುಮ್ನೆ ಹೊರಡು, ಅವನೇ ಕರೆದು ಕಡಿಮೆಗೆ ಕೊಡ್ತಾನೆ" ಎಂದಳು. ಎಂಥ ಕನ್ನಡ! ಭಾಜಿವಾಲ ಕರೆದ, ಕಡಿಮೆಗೂ ಕೊಟ್ಟ. ನಾನು ಮಾತ್ರ ಚೀಲ ಹಿಡಿದು ನಿಂತೇ ಇದ್ದೆ.

ಮುಂಬಯಿಯಲ್ಲಿ ನಮ್ಮಂಥವರಿಗೆ ಕನ್ನಡವೆಂದರೆ ಪಕ್ಕದವರಿಗೆ ತಿಳಿಯಬಾರದ ಮಾತು. ಕಾನ್ವೆಂಟಿನಲ್ಲಿ ಸಿಸ್ಟರ್ ಬೆನ್ನು ತಿರುಗಿಸಿದಾಗ ನಾವೂ ಹಾಗೆಯೇ ಪಿಸುಗುಟ್ಟುತ್ತಿದ್ದೆವು. ತಿಳಿಯುವವರ ಮುಂದೆ ಅದನ್ನು ಯಾಕೆ ಆಡಬೇಕು ಎಂಬುದೇ ಮಕ್ಕಳಿಗೆ ಹೊಳೆದಿರಲಿಲ್ಲ. ಮುಂದಿನ ಭಾನುವಾರ ಪುಸ್ತಕ ಮುಚ್ಚಿ, ಬುಟ್ಟಿಯಲ್ಲಿ ಬದನೆಕಾಯಿ, ಪಕ್ಕದಲ್ಲೊಂದು ತಕ್ಕಡಿ ಇಟ್ಟುಕೊಂಡು ಕೂತೆ. ನಾನು ಭಾಜಿವಾಲಿ, ನನಗೆ ಕನ್ನಡ ಬರುವುದಿಲ್ಲ, ನನ್ನ ಬಗ್ಗೆ ಏನು ಬೇಕಾದರೂ ಮಾತಾಡಿಕೊಳ್ಳಿ ಎಂದೆ. ಆಮೇಲೆ ನನ್ನ ತಕ್ಕಡಿಯ ಬಗ್ಗೆ, ನನ್ನ ಕನ್ನಡಕದ ಬಗ್ಗೆ, ನನ್ನ ಆನೆಯ ಪಾಠದ ಬಗ್ಗೆ ಎಷ್ಟು ಮಾತು ಬಂತೆಂದರೆ, ಟೀಚರಾಗಿ ಹಿಗ್ಗಬೇಕೋ ಮನುಷ್ಯಳಾಗಿ ಅಳಬೇಕೋ ಗೊತ್ತಾಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಅವರ ಬಾಯಿ ತೆರೆಯುತ್ತದೆ ಎಂಬುದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ದೀಪಾವಳಿಗೆ ಮುಂಚೆ ದೇಸಾಯಿಯವರು ಪರೀಕ್ಷೆಗೆ ಬಂದರು. ಆಟದ ವಿಷಯ ಕೇಳಿ ಖುಷಿಯಾಗಿ, ಬುಟ್ಟಿಯ ಮುಂದೆ ತಾವೇ ಕೂರುತ್ತೇನೆಂದರು. ಧೋತರ ಮೇಲೆತ್ತಿ, ಟವೆಲನ್ನು ತಲೆಗೆ ಸುತ್ತಿ ಕೂತೇಬಿಟ್ಟರು. ಆಟದ ನಿಯಮ ನನಗೆ ನೆನಪಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಸುಮಾ ಮುಂದೆ ಬಂದು, ಒಂದು ಬದನೆಕಾಯಿ ಎತ್ತಿ, ಗೆಳತಿಗೆ ನಿಧಾನವಾಗಿ ಹೇಳಿದಳು: "ಈ ಮಾಮ ನಮ್ಮನೆಗೆ ಬಂದ್ರೆ ಎರಡನೇ ಸಲ ಟೀ ಕುಡೀದೆ ಏಳೋದೇ ಇಲ್ಲ. ಅವರ ದನಿ ಕೇಳಿದ ಕೂಡ್ಲೇ ಅಮ್ಮ ಚಕ್ಕುಲಿ ಡಬ್ಬಿ ಒಳಗಿಡು ಅಂತಾಳೆ."

ನಾನು ಬೋರಿಕ್ ಪೌಡರಿನ ಡಬ್ಬಿಯನ್ನೇ ನೋಡುತ್ತಾ ನಿಂತೆ. ದೇಸಾಯಿಯವರು ಬದನೆಕಾಯಿಯನ್ನು ತಿರುಗಿಸಿ ನೋಡಿ, ಭಾಜಿವಾಲನಂತೆ ಮರಾಠಿಯಲ್ಲಿ, ಪೋರಿ ಏನನ್ನುತ್ತಾಳೋ ತಿಳಿಯಲಿಲ್ಲ ಎಂದು ತಲೆಯಾಡಿಸಿದರು. ಆಟ ಮುಗಿಯುವವರೆಗೂ ಆ ಪುಣ್ಯಾತ್ಮರಿಗೆ ಕನ್ನಡ ಬರಲೇ ಇಲ್ಲ. ಆಮೇಲೆ ಟವೆಲು ಬಿಚ್ಚಿ ಮಡಿಸಿಕೊಳ್ಳುತ್ತಾ, "ವೈನಿ, ಹುಡುಗೂರು ಭಾಳ ಚಲೋ ಕನ್ನಡ ಮಾತಾಡ್ತಾವ್ರಿ. ವರ್ಗ ನಡೀಲಿ" ಎಂದರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿದವರು ತಿರುಗಿ ನಿಂತು, "ಚಹಾ ಇವತ್ತ ಒಂದ ಕಪ್ ಸಾಕ್ರಿ" ಎಂದರು.

ಕೇರಂನವರು ಡಬ್ಬಿ ತೆಗೆದುಕೊಂಡು ಹೋದರು. ಈಗ ವಿಲೆ ಪಾರ್ಲೆಯ ಪ್ರೊಫೆಸರಮ್ಮ, ದೇಸಾಯಿಯವರಿಂದ ವಿಷಯ ತಿಳಿದು, ಮುಂದಿನ ಸಭೆಯಲ್ಲಿ ನನ್ನ ಸಂಶೋಧನೆಯ ಬಗ್ಗೆ ಮಾತಾಡಬೇಕು, ಮಕ್ಕಳು ಇಷ್ಟು ಸರಾಗವಾದ ಕನ್ನಡವನ್ನು ಎಲ್ಲಿ, ಯಾರಿಂದ ಕಲಿತರೆಂಬುದನ್ನು ತಪ್ಪದೆ ಹೇಳಬೇಕು ಎಂದು ಹೇಳಿಕಳುಹಿಸಿದ್ದಾರೆ. ಸುಮಾ ಕಲಿತದ್ದು, ಅವಳಿಗೆ ತಿಳಿಯದೆಂದುಕೊಂಡು ನಾನೂ ಯಜಮಾನರೂ ಅಡುಗೆಮನೆಯಲ್ಲಿ ಆಡಿಕೊಂಡ ಕನ್ನಡ; ಆ ಅಡುಗೆಮನೆಯನ್ನು ಸಭೆಯ ಮುಂದೆ ಹೇಗೆ ತೆರೆದಿಡಲಿ? ಯಜಮಾನರನ್ನು ಕೇಳೋಣವೆಂದರೆ ಯಾವ ಭಾಷೆಯಲ್ಲಿ ಕೇಳಲಿ? ಸುಮಾಗೆ ಮರಾಠಿ, ಹಿಂದಿ, ಇಂಗ್ಲಿಷ್ ಮೊದಲೇ ಬರುತ್ತಿತ್ತು; ಉಳಿದಿದ್ದ ಒಂದನ್ನು ನಾನೇ ಬಯಲು ಮಾಡಿದೆ. ಸದ್ಯಕ್ಕೆ ನಾನೂ ಯಜಮಾನರೂ ಕೈಸನ್ನೆಯಲ್ಲಿ ಸಂಸಾರ ನಡೆಸಿದ್ದೇವೆ. ಎರಡು ದಿನದಿಂದ ಸುಮಾ ತಟ್ಟೆಯ ಅನ್ನ ಆರಲು ಬಿಟ್ಟು, ನಮ್ಮ ಕೈಗಳನ್ನೇ ಸುಮ್ಮನೆ ನೋಡುತ್ತಿದ್ದಾಳೆ.