ಒಂದೂವರೆ ಇಂಚಿನ ಕೌದಿ

ಹೊಲಿಗೆ ಕಲಿಸುವವರಿಗೆ ಬೆರಳಿಗೆ ಸೂಜಿ ಚುಚ್ಚಿಕೊಂಡ ದಿನಗಳಿಗಿಂತ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡ ದಿನಗಳೇ ಹೆಚ್ಚು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ ನಾನು ಬನಹಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಬಾಯಿ, ನಮ್ಮ ಕಡೆ ಶಿಕ್ಷಕಿಗೆ ಹಾಗೇ ಅನ್ನುವುದು. ನೌಕರಿ ಕಾಯಂ ಆಗಿರಲಿಲ್ಲ. ಹುಡುಗಿಯರ ಕೈಯಲ್ಲಿ ಚಿಂದಿ ಜೋಡಿಸಿ ಗೊಂಬೆ ಹೊದೆಯುವಂಥ ಪುಟ್ಟ ಕೌದಿ ಹೊಲಿಸಬೇಕು, ಹದಿನಾರು ತುಂಡೂ ಒಂದೇ ಅಳತೆಗಿರಬೇಕು. ತಪಾಸಣೆಗೆ ಬರುವ ಬಾಯಿಯವರು ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದು ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

೧. ಬೆಳೆಯುವ ತುಂಡು

ರಟ್ಟಿನಲ್ಲಿ ಒಂದೂವರೆ ಇಂಚಿನ ಚೌಕ ಮಾಡಿಕೊಟ್ಟು, ಇದನ್ನಿಟ್ಟೇ ಬಟ್ಟೆ ಕತ್ತರಿಸಿ ಅಂದೆ. ಒಬ್ಬಳು ಮೊದಲ ತುಂಡನ್ನಷ್ಟೇ ರಟ್ಟಿಟ್ಟು ಕತ್ತರಿಸಿದಳು. ಎರಡನೆಯದಕ್ಕೆ ಮೊದಲನೆಯದೇ ಅಳತೆ, ಮೂರನೆಯದಕ್ಕೆ ಎರಡನೆಯದು, ಹೀಗೇ ಹದಿನಾರರವರೆಗೆ. ಪ್ರತಿ ಸಲವೂ ನೂಲಿನಷ್ಟು ದೊಡ್ಡದಾಗುತ್ತ ಹೋಗಿ, ಮೊದಲ ತುಂಡು ಗೊಂಬೆಗಾದರೆ ಕಡೆಯದು ಗೊಂಬೆಯ ಅತ್ತೆಗೆ ಆಗುವಂತಿತ್ತು. ರಟ್ಟು ಎಲ್ಲಿ ಹೋಯಿತೇ ಅಂದೆ.

"ಸವದೀತಂತ ಟ್ರಂಕಿನ್ಯಾಗ ಇಟ್ಟೇನ್ರಿ ಬಾಯಾರ."

೨. ಸರಿಯಾದ ಚೌಕ

ಇನ್ನೊಬ್ಬಳ ತಾಯಿ ಒಂದು ದಿನ ಹೊಸ ಖಣ ಹಿಡಿದು ಶಾಲೆಗೇ ಬಂದರು. ಹಬ್ಬದ ಕುಪ್ಪಸಕ್ಕೆಂದು ತಂದ ಖಣ, ನಟ್ಟನಡುವೆ ಕಿಟಕಿಯಂಥ ತೂತು. ಮಗಳನ್ನು ಕೇಳಿದರೆ, ಅಂಚಿನ ಬಟ್ಟೆ ನೂಲು ಬಿಡುತ್ತದೆ, ನಡುವಿನದು ಗಟ್ಟಿ ಎಂದು ಬಾಯಾರೇ ಹೇಳಿದ್ದಾರೆ ಅಂದಳಂತೆ. ಹೇಳಿದ್ದೇನೋ ಖರೆ. ಆದರೆ ನಾನು ಹೇಳಿದ್ದು ಚಿಂದಿಯ ಮಾತು.

ತಾಯಿ ಬೈಯುತ್ತಲೇ ಇದ್ದರು. ನನ್ನ ಕೈ ಸುಮ್ಮನಿರಲಿಲ್ಲ, ಅಳತೆಪಟ್ಟಿ ತೆಗೆದು ತೂತನ್ನು ಅಳೆದೆ. ನಾಲ್ಕೂ ಬದಿ ಒಂದೂವರೆ ಇಂಚು. ಇಡೀ ವರ್ಷದಲ್ಲಿ ನನ್ನ ತರಗತಿಯಲ್ಲಿ ಸರಿಯಾಗಿ ಬಂದ ಮೊದಲ ಚೌಕ ಅದು.

೩. ತಪಾಸಣೆ

ತಪಾಸಣೆಯ ಬಾಯಿಯವರು ಪುಣೆ ಕಡೆಯವರು, ನಗು ಕಂಡರಾಗದವರ ಹಾಗೆ ಕಾಣುತ್ತಿದ್ದರು. ಇದ್ದುದರಲ್ಲಿ ಚೆಂದದ ಕೌದಿಯನ್ನು ಮುಂದಿಟ್ಟೆ. ಪಟ್ಟಿ ಹಿಡಿದು ಅಳೆದರು. ಒಂದು ತುಂಡು ಒಂದು ಗೆರೆ ಹೆಚ್ಚು, ಇನ್ನೊಂದು ಎರಡು ಗೆರೆ ಕಡಿಮೆ. ಅವರ ಮುಖ ಬಿಗಿಯುತ್ತ ಬಂತು. ಅಷ್ಟರಲ್ಲಿ ಅವರ ಬೆರಳಿಗೆ ಮೂಲೆಯಲ್ಲಿ ಏನೋ ಗಟ್ಟಿ ತಾಗಿತು. ಹೊಲಿಗೆಯ ಸಂದಿನಿಂದ ಒಂದು ಇರುವೆಯೂ ಹೊರಬಂತು.

ಇದೇನು ಅಂದರು. ಹೊಲಿದ ಹುಡುಗಿ ಎದ್ದು ನಿಂತು, ರೊಟ್ಟಿ ಅಂದಳು.

ನಮ್ಮ ಕಡೆ ಕೌದಿಯ ಕಡೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ, ಕೌದಿ ಹಸಿದಿರಬಾರದು ಅಂತ. ಚಿಮ್ಮಡದ ಅವಳ ಅಜ್ಜಿ ಇದಕ್ಕೂ ಇಟ್ಟಿದ್ದಳು.

"ಗೊಂಬಿದಾದ್ರ ಏನಾತ್ರಿ, ಅದಕ್ಕೂ ಹೊಟ್ಟಿ ಇರತೈತಲ್ರಿ" ಅಂದಳು ಹುಡುಗಿ.

ನನ್ನ ನೌಕರಿ ಹೋಯಿತೆಂದು ನೆಲ ನೋಡುತ್ತ ನಿಂತೆ. ಬಾಯಿಯವರು ಹೊಲಿಗೆ ಬಿಚ್ಚಿ ರೊಟ್ಟಿ ಹೊರಗೆಳೆದರು. ಅದು ಚೌಕವಾಗಿತ್ತು. ಪಟ್ಟಿ ಇಟ್ಟರು, ತಿರುಗಿಸಿ ಮತ್ತೆ ಇಟ್ಟರು. ನಾಲ್ಕೂ ಬದಿ ಒಂದೂವರೆ ಇಂಚು. ಯಾರು ಕತ್ತರಿಸಿದ್ದು ಅಂದರು.

"ಅಜ್ಜಿ ಹಂಗ ಮುರದ ಹಾಕಾಕತ್ತಿದ್ಳರಿ. ಬಾಯಾರು ಬೈತಾರಂತ ನಾನ ರಟ್ಟ ಇಟ್ಟ ಕತ್ತರಿಸೇನ್ರಿ."

ಬಾಯಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಷರಾ ಬರೆದು ಹೋದರು. ಹೆಡ್‌ಮಾಸ್ತರರು ಅದನ್ನು ಎಲ್ಲರೆದುರು ಓದಿದರು: "ಬಟ್ಟೆ ಸಾಧಾರಣ. ರೊಟ್ಟಿ ಉತ್ತಮ. ಕಾಯಂ ಮಾಡಬಹುದು."